ನಾವು ಕೇಳದಿದ್ದ ಗುಡ್ ನ್ಯೂಸ್

ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ನಾನು ಬೇಡವೆನ್ನಲು ಬಂದಿದ್ದ ಪರೀಕ್ಷೆಯನ್ನು ನಾನು ಬಾಯಿ ತೆರೆಯುವ ಮೊದಲೇ ನೀವು ಮಾಡಿ ಮುಗಿಸಿದ್ದಿರಿ. ಅದರ ಫಲಿತಾಂಶವನ್ನು ನಾನು ಕೇಳದೆಯೇ, ಜನ ತುಂಬಿದ ಕಾಯುವ ಕೋಣೆಯಲ್ಲಿ, ಯಾರ ಕಿವಿಗೆ ಬೀಳಬಾರದಿತ್ತೋ ಅವನ ಕಿವಿಗೇ ಬೀಳುವ ಹಾಗೆ ಹೇಳಿದಿರಿ. ದೂರು ಕೊಟ್ಟರೆ ಚುಟುಕಾದ ಉತ್ತರ ಬಂತು: "ಫಲಿತಾಂಶವು ತಮಗೆ ಅನುಕೂಲಕರವಾಗಿಯೇ ಇರುವುದರಿಂದ ಯಾವುದೇ ಹಾನಿ ಉಂಟಾಗಿಲ್ಲವೆಂದು ಭಾವಿಸಲಾಗಿದೆ." ಭಾವಿಸಿದವರು ಯಾರು? ಎಲ್ಲಿ ಕುಳಿತು ಭಾವಿಸಿದರು? ಭಾವಿಸುವ ಮುನ್ನ ನಮ್ಮ ಮನೆಯವರನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲವೇ? ಹಾನಿ ಏನೆಂಬುದನ್ನು ಈಗ ಎಲ್ಲರೆದುರೇ ಹೇಳುತ್ತೇನೆ. ಎಲ್ಲರೆದುರು ಮಾತಾಡುವುದು ನಿಮ್ಮ ಆಸ್ಪತ್ರೆಯ ರೂಢಿಯೇ ಆದ್ದರಿಂದ ತಮಗೆ ಬೇಸರವಾಗಲಾರದು.

ನಾನೊಬ್ಬಳು ಟೈಲರ್. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಉದ್ದ ತಗ್ಗಿಸುವುದು ನನ್ನ ಮುಖ್ಯ ಕೆಲಸ. ಗಿರಾಕಿ ಬಂದು "ಎರಡು ಇಂಚು ತೆಗೀರಿ" ಎಂದರೂ ನಾನು ಪಿನ್ನು ಚುಚ್ಚಿ, ಕನ್ನಡಿ ಮುಂದೆ ನಿಲ್ಲಿಸಿ, "ಇಷ್ಟೇ ಅಲ್ವಾ? ಕತ್ತರಿಸಲಾ?" ಎಂದು ಮತ್ತೊಮ್ಮೆ ಕೇಳುತ್ತೇನೆ. "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಹೋದವರ ಪ್ಯಾಂಟು ಅವರು ಯೋಚನೆ ಮಾಡಿ ಬರುವವರೆಗೆ ಮೊಳೆಗೆ ನೇತಾಡುತ್ತಿರುತ್ತದೆ. ಪ್ಯಾಂಟಿಗೇ ಇಷ್ಟು ಮರ್ಯಾದೆ ಇರುವಾಗ ಬಸುರಿಯ ರಕ್ತಕ್ಕೂ ಸ್ವಲ್ಪ ಇರಬಹುದೆಂದು ನಂಬಿದ್ದು ನನ್ನ ಪೆದ್ದುತನ.

ಮದುವೆಯಾಗಿ ಬಹಳ ಕಾಲದ ಮೇಲೆ, ಇನ್ನು ಆಗುವುದಿಲ್ಲವೆಂದು ನಾವೇ ಸುಮ್ಮನಾದ ಮೇಲೆ, ಮೂವತ್ತೆಂಟು ದಾಟಿದ ನನಗೆ ಮೊದಲ ಬಸಿರು ನಿಂತಿತು. ಮನೆಯಲ್ಲಿ ನಾವು ನಾಲ್ವರು. ನಾನು, ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ, ಅತ್ತೆ, ಮತ್ತೆ ನನ್ನ ಮೈದುನ. ಮೈದುನನನ್ನು ಮನೆಯವರೆಲ್ಲ ಸಾಹೇಬ ಎಂದೇ ಕರೆಯುವುದು. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಹುಟ್ಟುವಾಗಲೇ ಬಂದದ್ದು. ಮಾತು ಸ್ವಲ್ಪ ನಿಧಾನ, ಹೃದಯಕ್ಕೆ ಚಿಕ್ಕಂದಿನಲ್ಲೇ ಒಂದು ಆಪರೇಷನ್ ಆಗಿದೆ. ಅವನೇನೂ ದೇವರ ಮಗನಲ್ಲ; ಹಾಗೆ ಹೇಳಿ ಕಣ್ಣು ಒರೆಸಿಕೊಳ್ಳುವವರನ್ನು ಕಂಡರೆ ನನಗಾಗದು. ಕೇರಂನಲ್ಲಿ ಮೋಸ ಮಾಡುತ್ತಾನೆ. ಟೀವಿ ರಿಮೋಟನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾನೆ. ಹಟ ಹಿಡಿದನೆಂದರೆ ಅವನಣ್ಣನೂ ಕೈಚೆಲ್ಲಬೇಕು. ಅವನ ಕೆಲಸ ಎಲ್ಲಿ ಗೊತ್ತೇ, ಮಾನ್ಯರೇ? ನಿಮ್ಮದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಒಗೆದು ಒಣಗಿದ ಬೆಡ್‌ಶೀಟುಗಳನ್ನು ಮಡಿಸಿ ಪೇರಿಸುವುದು. ಒಂದು ತುದಿ ಅವನು, ಇನ್ನೊಂದು ತುದಿ ಯಾರಾದರೂ ಹಿಡಿಯಬೇಕು. ಅಂಚಿಗೆ ಅಂಚು ಕೂಡದಿದ್ದರೆ ಎದುರಿಗಿದ್ದವರು ಯಾರೇ ಆಗಲಿ, "ಬಿಡಿಸಿ, ಮತ್ತೆ" ಎನ್ನುತ್ತಾನೆ. ಅದಕ್ಕೇ ಅವನು ಸಾಹೇಬ.

ಮೊದಲ ಭೇಟಿಯಲ್ಲಿ ನಿಮ್ಮ ಕಿರಿಯ ವೈದ್ಯೆ ಈ ಪರೀಕ್ಷೆಯ ಬಗ್ಗೆ ಹೇಳಿದರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ತಾಯಿಯ ರಕ್ತ ನೋಡಿ ಮಗುವಿಗೆ ಡೌನ್ ಸಿಂಡ್ರೋಮ್‌ನಂಥದ್ದು ಇರುವ ಸಾಧ್ಯತೆ ಎಷ್ಟೆಂದು ಅಂದಾಜು ಮಾಡುತ್ತಾರೆ, ಖಚಿತ ಉತ್ತರವಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು ಎಂದು ಬಿಡಿಸಿ ಹೇಳಿದರು. "ಇದು ಕಡ್ಡಾಯ ಅಲ್ಲ. ಬೇಕಾದ್ರೆ ಮಾಡಿಸ್ಬಹುದು, ಬೇಡಾಂದ್ರೆ ಬಿಡ್ಬಹುದು, ನಿಮ್ಮಿಷ್ಟ" ಎಂದರು. ನಾನು "ಮನೇಲಿ ಮಾತಾಡಿ ಹೇಳ್ತೀನಿ ಡಾಕ್ಟ್ರೇ" ಎಂದೆ. "ಆಗ್ಲಿ" ಎಂದರು. ಅಲ್ಲಿಂದ ಪಕ್ಕದ ಕೋಣೆಗೆ ಕಳಿಸಿದರು. ಹಿಮೋಗ್ಲೋಬಿನ್, ಸಕ್ಕರೆ, ಇನ್ನೂ ಏನೇನೋ ಮಾಮೂಲು ಪರೀಕ್ಷೆಗಳಿಗೆ ರಕ್ತ ತೆಗೆದರು. ಸೂಜಿ ಒಂದೇ, ಶೀಶೆ ಹಲವು. ಯಾವ ಶೀಶೆ ಯಾವುದಕ್ಕೆಂದು ಕೈ ಚಾಚಿ ಕುಳಿತವಳಿಗೆ ಹೇಗೆ ತಿಳಿಯಬೇಕು? ಬೇಡವೆಂದವರ ಫೈಲಿಗೆ ಮಾತ್ರ ಒಂದು ಕೆಂಪು ಚೀಟಿ ಅಂಟಿಸುತ್ತೀರಿ, ಅದಿಲ್ಲದವರ ಕೈಯಿಂದ ಒಂದು ಶೀಶೆ ಹೆಚ್ಚಿಗೆ ತುಂಬಿಸಿಕೊಳ್ಳುತ್ತೀರಿ ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಬೇಕು ಎಂದವಳು, ಗೊತ್ತಿಲ್ಲ ಎಂದವಳು, ಅತ್ತು ಉತ್ತರ ಹೇಳಲಾಗದೆ ಎದ್ದು ಬಂದವಳು, ಎಲ್ಲರೂ ನಿಮಗೆ ಒಂದೇ. ಯೋಚನೆ ಮಾಡುವವರಿಗೆಂದು ಒಂದು ಚೀಟಿ ಇಡಲು ಬಣ್ಣ ಸಿಗಲಿಲ್ಲವೇ?

ಇತ್ತ ನಾವು ಮೂರ್ಖರ ಹಾಗೆ ಮನೆಯಲ್ಲಿ ಯೋಚನೆ ಮಾಡುತ್ತಿದ್ದೆವು. ಶೀಶೆ ಆಗಲೇ ಲ್ಯಾಬ್ ಸೇರಿತ್ತು, ನಾವು ತಲೆ ಕೆಡಿಸಿಕೊಂಡು ಜಗಳವಾಡುತ್ತಿದ್ದೆವು! ಸಾಹೇಬ ಕೆಲಸಕ್ಕೆ ಹೋದ ಹೊತ್ತು ನೋಡಿ ಮಾತು ತೆಗೆಯುವುದು, ಅವನ ಚಪ್ಪಲಿ ಸದ್ದು ಕೇಳಿದರೆ ನಿಲ್ಲಿಸುವುದು. ನನ್ನ ಗಂಡನಿಗೆ ಪರೀಕ್ಷೆಯ ಹೆಸರೆತ್ತಿದರೇ ಮೈಯುರಿ. "ಏನು ಹುಡುಕ್ತಾರೆ ಅದ್ರಲ್ಲಿ? ನನ್ ತಮ್ಮನ್ನ ಹುಡುಕ್ತಾರೆ. ಸಿಕ್ಕಿದ್ರೆ ಏನ್ಮಾಡ್ಬೇಕು ಅಂತ ನಿನ್ನನ್ನ ಕೇಳ್ತಾರೆ. ನಂಗೆ ಆ ಪ್ರಶ್ನೇನೇ ಬೇಡ" ಎಂದರು. ನಾನು ಬಿಡಲಿಲ್ಲ. "ಹೊಟ್ಟೇಲಿ ಹೊರೋಳು ನಾನು. ಗೊತ್ತಿದ್ರೆ ಮನಸ್ಸು ಗಟ್ಟಿ ಮಾಡ್ಕೋಬಹುದು, ಒಳ್ಳೆ ಹಾರ್ಟ್ ಡಾಕ್ಟ್ರನ್ನ ಮೊದ್ಲೇ ನೋಡಿ ಇಟ್ಕೋಬಹುದು. ಅದ್ರಲ್ಲಿ ತಪ್ಪೇನಿದೆ?" ಎಂದೆ. ಅತ್ತೆ ಮಗನ ಪಕ್ಷ ಹಿಡಿಯುತ್ತಾರೆಂದು ಟೊಂಕ ಕಟ್ಟಿ ನಿಂತಿದ್ದೆ. ಅವರು ಬಟಾಣಿ ಸುಲಿಯುತ್ತ, ತಲೆಯೆತ್ತದೆ, "ಮಾಡಿಸ್ಕೋ ಕಣೇ" ಎಂದರು. "ನಂಗೆ ಮೊದ್ಲೇ ಗೊತ್ತಿದ್ದಿದ್ರೆ ಅಳೋದನ್ನ ಮೊದ್ಲೇ ಮುಗಿಸ್ಕೋತಿದ್ದೆ. ಅವ್ನು ಬಂದ ದಿನ ಅವನ ಮುಖ ನೋಡಿ ನಗ್ತಿದ್ದೆ. ಅವತ್ತು ಆ ವಾರ್ಡಲ್ಲಿ ಎಲ್ರ ಬಾಯಿಗೂ ಬೀಗ. ಡಾಕ್ಟ್ರು ಗೋಡೆ ನೋಡ್ಕೊಂಡು ಮಾತಾಡಿದ್ರು. ಗಂಡು ಮಗು ಅಂತ ಹೇಳೋಕೂ ಒಬ್ರು ಬರ್ಲಿಲ್ಲ." ಅದೂ ನಿಮ್ಮದೇ ಆಸ್ಪತ್ರೆ, ಮಾನ್ಯರೇ. ಆಗ ನೀವು ಆ ಕುರ್ಚಿಯಲ್ಲಿರಲಿಲ್ಲ, ಒಪ್ಪುತ್ತೇನೆ; ಆದರೆ ಕುರ್ಚಿ ಅದೇ.

ಕೊನೆಗೆ ಬೇಡವೆಂದು ತೀರ್ಮಾನಿಸಿದವಳು ನಾನೇ. ಗಂಡನ ಸಿಟ್ಟಿಗೆ ಹೆದರಿ ಅಲ್ಲ, ಅತ್ತೆಯ ಮಾತನ್ನು ತೆಗೆದುಹಾಕಿಯೂ ಅಲ್ಲ. ಒಂದು ಸಂಜೆ ಸಾಹೇಬ ಕೆಲಸದಿಂದ ಬಂದು, ನಾನು ಉಳಿದ ತುಂಡುಬಟ್ಟೆಗಳಲ್ಲಿ ಹೊಲಿದಿಟ್ಟಿದ್ದ ಅಂಗೈಯಗಲದ ಅಂಗಿಗಳನ್ನು ಕಂಡ. ಕೇಳದೆಯೇ ಕುಳಿತು, ನಿಮ್ಮ ವಾರ್ಡಿನ ಬೆಡ್‌ಶೀಟುಗಳಷ್ಟೇ ಗಂಭೀರವಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ. "ಅತ್ತಿಗೆ, ತೋಳು ಒಂದ್ ಕಡೆ ಉದ್ದ ಆಗಿದೆ, ಬಿಚ್ಚಿ ಹೊಲೀರಿ" ಎಂದ. ಆಗಿತ್ತು ಕೂಡ. ಎದುರು ಕುಳಿತು ಅವನನ್ನೇ ನೋಡುತ್ತಿದ್ದಾಗ ನನಗನ್ನಿಸಿತು: ನಾಳೆ ಆ ಪರೀಕ್ಷೆಯ ಸಂಖ್ಯೆ ನನ್ನ ಕೈಗೆ ಬಂದರೆ, ಹೆಚ್ಚಿರಲಿ ಕಡಿಮೆಯಿರಲಿ, ನಾನು ಇವನನ್ನು ದಿನಾ ಅದರಿಂದ ಅಳೆಯುತ್ತೇನೆ. ಊಟಕ್ಕೆ ಬಡಿಸುವಾಗ ಅಳೆಯುತ್ತೇನೆ, ಅವನು ಕೇರಂನಲ್ಲಿ ಮೋಸ ಮಾಡುವಾಗ ಅಳೆಯುತ್ತೇನೆ. ಒಂದು ಮನೆಯಲ್ಲಿ ಹಾಗೆ ಬಾಳಲಾಗುವುದಿಲ್ಲ. ಬೇರೆಯವರ ಮನೆಯಲ್ಲಿ ಲೆಕ್ಕ ಬೇರೆ ಇರುತ್ತದೆ. ನನ್ನ ಅಂಗಡಿಗೆ ಬರುವ ಒಬ್ಬ ಟೀಚರಮ್ಮ ಪರೀಕ್ಷೆ ಮಾಡಿಸಿಕೊಂಡರು, ತಿಳಿದುಕೊಂಡರು, ತಮಗೆ ಸರಿಕಂಡದ್ದನ್ನು ಮಾಡಿದರು. ಅವರ ಬಗ್ಗೆ ಯಾರಾದರೂ ನಾಲಗೆ ಹರಿಬಿಟ್ಟರೆ ಮೊದಲು ಎದುರು ನಿಲ್ಲುವವಳು ನಾನು. ನನ್ನ ಜಗಳ ಪರೀಕ್ಷೆಯ ಜೊತೆ ಅಲ್ಲ. ನಿಮ್ಮ ಜೊತೆ.

ಎರಡನೆಯ ಭೇಟಿ ಸ್ಕ್ಯಾನಿಂಗಿಗೆ. ಗಂಡ ಯಾವುದೋ ಕಟ್ಟಡದಲ್ಲಿ ನಿಂತುಹೋದ ಲಿಫ್ಟಿನ ಜೊತೆ ಗುದ್ದಾಡುತ್ತಿದ್ದರು. ಸಾಹೇಬನಿಗೆ ಅಂದು ರಜೆ. "ಪಾಪು ಫೋಟೋ ನಾನು ನೋಡ್ಬೇಕು" ಎಂದು ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಜೊತೆಗೆ ಬಂದ. ಕಾಯುವ ಕೋಣೆಯಲ್ಲಿ ಅರ್ಧ ಜನ ಅವನಿಗೆ ಪರಿಚಯ, ವಾರ್ಡ್ ಹುಡುಗಿಯರು "ಏನ್ ಸಾಹೇಬ್ರೇ, ಇವತ್ತು ಮೇಲಕ್ಕೆ ಬಂದ್ಬಿಟ್ರಿ?" ಎಂದು ರೇಗಿಸಿದರು. "ನಾನು ಚಿಕ್ಕಪ್ಪ ಆಗ್ತಿದೀನಿ" ಎಂದು ಎದೆಯುಬ್ಬಿಸಿ ಹೇಳಿದ. ನಾನು ಕೌಂಟರಿಗೆ ಹೋದೆ. "ಆ ಪರೀಕ್ಷೆ ನಮಗೆ ಬೇಡ" ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನನ್ನ ಫೈಲು ನೋಡಿದ್ದೇ ತಡ ನಿಮ್ಮ ಸಿಸ್ಟರ್ ಮುಖ ಅರಳಿಸಿದರು.

"ಮೇಡಂ, ಗುಡ್ ನ್ಯೂಸ್! ನಿಮ್ಮ ಸ್ಕ್ರೀನಿಂಗ್ ರಿಪೋರ್ಟ್ ಬಂದಿದೆ. ಚಾನ್ಸ್ ತುಂಬಾ ಕಮ್ಮಿ, ಏನೂ ತೊಂದ್ರೆ ಇಲ್ಲ." ಆಮೇಲೆ ನನ್ನ ಹೆಗಲ ಪಕ್ಕ ನಿಂತವನ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದೆನೆಂದುಕೊಂಡು, "ಇವ್ರ ಥರ ಆಗಲ್ಲ, ಧೈರ್ಯವಾಗಿರಿ" ಎಂದರು.

ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ, ಏಕೆಂದರೆ ನೀವು ಹುಡುಕಿ ಸಿಗಲಿಲ್ಲವೆಂದ ಹಾನಿ ಇರುವುದು ಇಲ್ಲೇ. ನನಗೆ ಹಗುರವಾಯಿತು. ಸಿಟ್ಟು ಬರುವ ಮೊದಲು, ಯಾರನ್ನು ಕೇಳಿ ಮಾಡಿದಿರಿ ಎಂದು ಕೂಗುವ ಮೊದಲು, ನನ್ನ ಮುಖ ನನ್ನ ಅಪ್ಪಣೆ ಕೇಳದೆ ನಕ್ಕಿತು. ನಗುತ್ತಲೇ ತಿರುಗಿದೆ. ಸಾಹೇಬ ನೋಡುತ್ತಿದ್ದ. ಅವನು ಸಿಸ್ಟರ್ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಆ ನಗುವನ್ನು ಅವನ ಎದುರಿಗೆ ತರಬಾರದೆಂದೇ ಅಲ್ಲವೇ ನಾನು ಆ ಪರೀಕ್ಷೆ ಬೇಡವೆಂದದ್ದು? ಆಮೇಲೆ ನಾನು ಕಿರುಚಾಡಿದೆ, ನಿಜ. "ಕೆಂಪು ಚೀಟಿ ಇಲ್ಲಾಂದ್ರೆ ಬೇಕು ಅಂತ ತಾನೇ ಮೇಡಂ" ಎಂದರು ಸಿಸ್ಟರ್, ಕಕ್ಕಾಬಿಕ್ಕಿಯಾಗಿ. ಇವನೆದುರು ಹೀಗಾ ಹೇಳೋದು ಎಂದರೆ, "ಅಯ್ಯೋ, ಅವ್ರಿಗೆಲ್ಲಿ ಅರ್ಥ ಆಗುತ್ತೆ ಬಿಡಿ" ಎಂದರು. ಸಾಹೇಬ ನನ್ನ ಚೀಲವನ್ನು ನನ್ನ ಕೈಗೆ ಕೊಟ್ಟ. "ಫೋಟೋ ನೀವೇ ನೋಡಿ ಬನ್ನಿ ಅತ್ತಿಗೆ. ನಂಗೆ ಕೆಳ್ಗೆ ಕೆಲ್ಸ ಇದೆ" ಎಂದು ಮೆಟ್ಟಿಲಿಳಿದು ಹೋದ. ರಜೆಯ ದಿನ, ಇಸ್ತ್ರಿ ಅಂಗಿಯಲ್ಲಿ, ನಿಮ್ಮ ಬೆಡ್‌ಶೀಟು ಮಡಿಸಲು ಹೋದ.

ಅವನಿಗೆಲ್ಲಿ ಅರ್ಥವಾಗುತ್ತದೆ! ಆಮೇಲೆ ಅವನು ಪುಟ್ಟ ಅಂಗಿಗಳನ್ನು ಮುಟ್ಟಿಲ್ಲ. ನಾನು ಬೇಕೆಂದೇ ತೋಳು ಸೊಟ್ಟಗೆ ಹೊಲಿದು ಅವನ ಮುಂದಿಟ್ಟೆ. ನೋಡಿ ಟೀವಿ ಕಡೆ ತಿರುಗಿದ. ಕೇರಂ ಆಡಲು ಕರೆದರೆ ಬರುತ್ತಾನೆ, ಮೋಸ ಮಾಡುವುದಿಲ್ಲ. ಅವನಣ್ಣ ಪಕ್ಕದಲ್ಲಿ ಕುಳಿತು ಏನೇನೋ ಹೇಳಿ ನೋಡಿದರು. "ಸರಿ ಅಣ್ಣ" ಎಂದು ಎದ್ದು ಹೋದ. ಮೊನ್ನೆ ಊಟ ಮಾಡುತ್ತಿದ್ದವನು ತಟ್ಟನೆ ತಲೆಯೆತ್ತಿ ಕೇಳಿದ: "ಅಮ್ಮ, ನಾನು ಹುಟ್ಟಿದಾಗ ನಿಂಗೆ ಗುಡ್ ನ್ಯೂಸ್ ಅಂತ ಯಾರು ಹೇಳಿದ್ರು?" ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಜೋರಾಗಿ ಬಿಟ್ಟು, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದರು.

ಈಗ ಹೇಳಿ, ಅಧೀಕ್ಷಕರೇ, ಹಾನಿ ಉಂಟಾಗಿಲ್ಲವೆಂದು ಇನ್ನೂ ಭಾವಿಸಲಾಗಿದೆಯೇ? ಫಲಿತಾಂಶ ಇನ್ನೊಂದು ರೀತಿ ಬಂದಿದ್ದರೆ ಆ ಸಿಸ್ಟರ್ ಏನೆನ್ನುತ್ತಿದ್ದರು, ಎಷ್ಟು ದನಿಯಲ್ಲಿ, ಯಾರ ಕಡೆ ಕಣ್ಣು ಹಾಯಿಸಿ? ಕಡ್ಡಾಯವಲ್ಲ ಎಂದು ಬಾಯಲ್ಲಿ ಹೇಳಿ ಸೂಜಿಯಲ್ಲಿ ಕಡ್ಡಾಯ ಮಾಡುವುದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೆ? ಅಂಗಡಿಯಲ್ಲಿ ನಾನು ಹೀಗೆ ಮಾಡಿದರೆ ಗಿರಾಕಿ ಪ್ಯಾಂಟನ್ನು ನನ್ನ ಮುಖಕ್ಕೆಸೆದು ಹೋಗುತ್ತಾನೆ.

ಕೆಂಪು ಚೀಟಿಯ ಪದ್ಧತಿಯನ್ನು ನಿಲ್ಲಿಸಿ. ಬೇಕು ಎಂದು ಬಾಯಿಬಿಟ್ಟು ಹೇಳಿದವಳಿಂದ ಮಾತ್ರ ಆ ಶೀಶೆ ತುಂಬಿಸಿಕೊಳ್ಳಿ. ಯೋಚಿಸುವವಳನ್ನು ಯೋಚಿಸಲು ಬಿಡಿ. ಫಲಿತಾಂಶ ಏನೇ ಇರಲಿ, ಕೇಳುವ ಮನಸ್ಸಿದೆಯೇ ಎಂದು ವಿಚಾರಿಸಿ, ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಿ. ಅದಕ್ಕೆ ಗುಡ್ ಅಥವಾ ಬ್ಯಾಡ್ ಎಂದು ಹೆಸರಿಡುವ ಅಧಿಕಾರ ನಿಮ್ಮ ಕೌಂಟರಿಗಿಲ್ಲ. ಸಿಸ್ಟರನ್ನು ಬಲಿ ಕೊಟ್ಟು ಕೈತೊಳೆದುಕೊಳ್ಳಬೇಡಿ, ಅವರು ನಿಮ್ಮ ಪದ್ಧತಿಯನ್ನು ಬಾಯಿಬಿಟ್ಟು ಹೇಳಿದರು ಅಷ್ಟೇ.

ಇದಿಷ್ಟನ್ನು ನೀವು ಒಂದು ಸುತ್ತೋಲೆಯಲ್ಲಿ ಮುಗಿಸಬಹುದು. ಇನ್ನೊಂದು ಕೆಲಸಕ್ಕೆ ಸುತ್ತೋಲೆ ಸಾಲದು, ನೀವೇ ಮೆಟ್ಟಿಲಿಳಿಯಬೇಕು. ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆ ದಾಟಿದ ಮೇಲೆ ಎಡಗಡೆ ಲಾಂಡ್ರಿ. ಅಲ್ಲಿ ಕುರ್ಚಿಯಿಲ್ಲ, ನಿಂತೇ ಮಾತಾಡಬೇಕು. ಅವನು ನಿಮಗೆ ನಮಸ್ಕಾರ ಹೇಳದೆ ಬೆಡ್‌ಶೀಟಿನ ಒಂದು ತುದಿ ಕೊಡಬಹುದು. ಹಿಡಿದುಕೊಳ್ಳಿ. "ಬಿಡಿಸಿ, ಮತ್ತೆ" ಎಂದರೆ ಬಿಡಿಸಿ, ಮತ್ತೆ ಹಿಡಿಯಿರಿ. ಅಂಚಿಗೆ ಅಂಚು ಕೂಡಿದಾಗ ನೀವಿಬ್ಬರೂ ಎದುರುಬದುರು ಬಹಳ ಹತ್ತಿರ ನಿಂತಿರುತ್ತೀರಿ. ಆಗ ಗೋಡೆ ನೋಡದೆ, ಅವನ ಮುಖ ನೋಡಿ, ಅವನು ಹುಟ್ಟಿದ ದಿನ ಈ ಆಸ್ಪತ್ರೆ ಅವನ ಅಮ್ಮನಿಗೆ ಹೇಳದೆ ಉಳಿಸಿಕೊಂಡ ಆ ಒಂದು ಮಾತನ್ನು ಹೇಳಿ ಬನ್ನಿ.

ಇಂತಿ,
ಬೇಡವೆಂದಿದ್ದ ಫಲಿತಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ದಿನವೂ ಅವನೆದುರು ಊಟಕ್ಕೆ ಕೂರುವ
ಸಾಹೇಬನ ಅತ್ತಿಗೆ