ಕಾಲಿನ ಗಂಟು

ಅಪ್ಪಾ,

ನರಿನ್ ಊರಿನ ಗುಡ್ಡದಲ್ಲಿ ಇವತ್ತು ನಿನ್ನನ್ನು ಮಣ್ಣಿಗಿಳಿಸಿದೆವು. ನಿನಗೆ ಸುತ್ತಿದ ಕಫನ್ ಬಟ್ಟೆಯ ಮೂರು ಗಂಟು ಬಿಚ್ಚುವುದು ಮಗನ ಕೆಲಸವೆಂದು ನಾನೊಬ್ಬನೇ ಗೋರಿಯ ಬದಿಗೆ ಕೊರೆದ ಒಳಗೂಡಿಗೆ ತೆವಳಿದೆ. ತಲೆಯದೂ ಸೊಂಟದ್ದೂ ಬಿಚ್ಚಿಕೊಂಡವು. ಕಾಲಿನದನ್ನು ನಿನ್ನ ಗೆಳೆಯ ಸಾತಾರ್ ಕಟ್ಟಿದ್ದ. ಮೇಯಲು ಬಿಡುವ ಕುದುರೆಯ ಮುಂಗಾಲಿಗೆ ನೀವಿಬ್ಬರೂ ಹಾಕುತ್ತಿದ್ದ ಅದೇ ಗಂಟು. ಎಳೆದೆ. ಇನ್ನೂ ಬಿಗಿಯಾಯಿತು.

"ಏನೋ ಎರ್ಮೆಕ್, ಇಷ್ಟು ಹೊತ್ತು? ಯಾವ ತುದಿ ಎಳೀಬೇಕು ಅಂತ ನಿಮ್ಮಪ್ಪ ಹೇಳ್ಕೊಟ್ಟಿಲ್ವಾ?" ಎಂದು ಮೇಲಿಂದ ಸಾತಾರ್ ಕೂಗಿದ.

ನೀನು ಹೇಳಿಕೊಟ್ಟಿದ್ದೆ. ಎಷ್ಟು ಸಲ! "ಟ್ಯಾಕ್ಸಿ ಓಡ್ಸೋನಿಗೆ ಕುದುರೆ ಗಂಟು ಯಾಕಪ್ಪಾ?" ಎಂದು ನಾನೇ ನಕ್ಕು ಎದ್ದುಹೋಗುತ್ತಿದ್ದೆ.

"ಬಿಚ್ಚಾಯ್ತು" ಎಂದು ಕೂಗಿ ಮೇಲೆ ಬಂದೆ. ಹಸಿ ಇಟ್ಟಿಗೆ ಇಟ್ಟು ಗೂಡು ಮುಚ್ಚಿದರು. ಸಾತಾರ್ ಬೆನ್ನು ತಟ್ಟಿ, "ಮಗ ಅಂದ್ರೆ ನೀನು ಕಣೋ" ಎಂದ.

ಮಗು ನಡೆಯಲು ಕಲಿತಾಗ ಅದರ ಎರಡು ಕಾಲನ್ನೂ ಸೇರಿಸಿ ದಾರ ಕಟ್ಟುತ್ತಾರೆ; ಮುಂದೆ ಎಡವದಿರಲಿ ಎಂದು, ಓಟದಲ್ಲಿ ಗೆದ್ದವರು ಅದನ್ನು ಕತ್ತರಿಸುವುದು ನಮ್ಮ ಶಾಸ್ತ್ರ. ನನ್ನ ಕಾಲಿನ ಕಪ್ಪು-ಬಿಳಿ ದಾರವನ್ನು, ಎಲ್ಲರನ್ನೂ ಹಿಂದೆ ಹಾಕಿ ಬಂದು ಕತ್ತರಿಸಿದವನು ನೀನಂತೆ. ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳಿ ಅಳುತ್ತಿದ್ದಾಳೆ.

ನಾನು ನಿನ್ನ ಕಾಲನ್ನು ಇನ್ನಷ್ಟು ಬಿಗಿದು ಬಂದಿದ್ದೇನೆ, ಅಪ್ಪಾ.