ಇಂಚಿನ ಬೋಲ್ಟು

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನನ್ನ ಮಂಡಿ ಮಾತ್ರ ಹಳೇ ಗೇರ್‌ಬಾಕ್ಸಿನ ಹಾಗೆ ಕಟಕಟ ಎನ್ನುತ್ತದೆ.

ಇವತ್ತು ಹಳೆಯ ವಾಹನಗಳ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಯಾರು ಸಿಕ್ಕರು ಗೊತ್ತೇ? ನಮ್ಮ ಡಾಕ್ಟರ ಹಸಿರು ಆಸ್ಟಿನ್ ಕಾರು. ನಮ್ಮ ಗ್ಯಾರೇಜಿನಲ್ಲಿ ಅಪ್ಪ ಬಾಗಿಲ ಕೆಳಗೆ ಹಾಕಿದ್ದ ತೇಪೆಯಿಂದ ಗುರುತು ಹಿಡಿದೆ. ಮಕ್ಕಳು ಹಾರನ್ ಒತ್ತಿ ನಗುತ್ತಿದ್ದರು.

ಈಗಿನ ಮಾಲೀಕ ವಾಚಾಳಿ. ಒಂದು ನಟ್ಟನ್ನು ಗಾಜಿನ ಡಬ್ಬಿಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದ. "ಗಾಡಿ ಕೊಡುವಾಗ ಆ ಮುದುಕ ಡಾಕ್ಟರು ಇದನ್ನೂ ಕೊಟ್ರು ಯಜಮಾನ್ರೇ. ಸ್ಟೀರಿಂಗಿಂದು ಅಂದ್ರು, ಯಾಕೆ ಕೊಡ್ತೀರಿ ಅಂತ ಕೇಳಿದ್ರೆ ಹೇಳ್ಲಿಲ್ಲ. ಬ್ರಿಟಿಷ್ ಗಾಡಿ, ಬೋಲ್ಟೆಲ್ಲ ಇಂಚಿಂದು. ಯಾವನೋ ಪುಣ್ಯಾತ್ಮ ಸ್ಟೀರಿಂಗಿಗೆ ಮಿಲಿಮೀಟರ್ ನಟ್ಟು ತುರುಕಿದಾನೆ." ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಅವನು ಅದನ್ನು ನನ್ನ ಅಂಗೈಗೇ ಹಾಕಿದ.

ನಿನಗೆ ಗೊತ್ತಲ್ಲ, ಎಂಟು ಮಿಲಿಮೀಟರಿನದು ಆ ಬೋಲ್ಟಿಗೆ ಎರಡು ಸುತ್ತು ಸಲೀಸಾಗಿ ಹತ್ತುತ್ತದೆ, ಆಮೇಲೆ ಮೊಂಡು ಹಿಡಿಯುತ್ತದೆ. ಬಲವಂತ ಮಾಡಿದರೆ ಥ್ರೆಡ್ಡೇ ಹಾಳು, ಹಿಡಿತ ನಿಲ್ಲುವುದಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಕಳಚಿ ಡಾಕ್ಟರ ಮಗಳು ತೀರಿಹೋದ ದಿನ ಅಪ್ಪ ಗ್ಯಾರೇಜಿನ ಬಾಗಿಲು ಹಾಕಿ, "ಇದನ್ನ ಬಿಗಿದೋನು ಯಾರು?" ಎಂದರು. ಗಾಡಿಯಡಿ ಮಲಗಿ ಕೆಲಸ ಮಾಡಿದವರು ನಾವಿಬ್ಬರೇ. "ನೆನಪಿಲ್ಲಪ್ಪ, ನಾನೇ ಇರಬೇಕು" ಎಂದೆ ನೀನು. ಅಪ್ಪ ನಿನ್ನನ್ನು ಮನೆಯಿಂದಲೇ ಹೊರಗೆ ಹಾಕಿದರು. ಮೂವತ್ತೊಂದು ವರ್ಷದಿಂದ ನೀನು ಸ್ಪ್ಯಾನರ್ ಮುಟ್ಟಿಲ್ಲ, ಯಾರದೋ ಗೋದಾಮು ಕಾಯುತ್ತಿದ್ದೀಯ. ಮದುವೆಯ ಮಾತೆತ್ತಿದರೆ, "ಒಬ್ಬರ ಮಗು ಕೊಂದೋನಿಗೆ ಮಕ್ಕಳು ಯಾಕಣ್ಣ" ಎನ್ನುತ್ತಿದ್ದೆ. ಈ ಸಲದ ಕಾಗದದಲ್ಲೂ ಅದೇ ಬರೆದಿದ್ದೀಯ.

ಕೆಮ್ಮಿಗೆ ಔಷಧಿ ತಪ್ಪಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಕಣ್ತುಂಬ ನಿದ್ದೆ ಕೊಡಲಿ.

ಇಂತಿ,
ನಿನ್ನ ಅಣ್ಣ

ಮತ್ತೊಂದು ಮಾತು. ಕಾಗದ ಬರೆಯಲು ಕೂತದ್ದೇ ಇದಕ್ಕೆ. ಅವತ್ತು ಇಂಚಿನ ನಟ್ಟು ಮುಗಿದಿತ್ತು. ಊಟಕ್ಕೆ ಹೊತ್ತಾಯಿತೆಂದು ಕೈಗೆ ಸಿಕ್ಕಿದ್ದನ್ನು ಬಿಗಿದವನು ನಾನು. ನೀನು ಆಗ ಕೈ ತೊಳೆಯಲು ಹೋಗಿದ್ದೆ. ಅಪ್ಪ ಕೇಳಿದಾಗ ನನಗೆ ಎಲ್ಲ ನೆನಪಿತ್ತು. ಅಪ್ಪ ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದು, "ಚಿಕ್ಕೋನನ್ನ ಕ್ಷಮಿಸಿದೀನಿ, ಮನೆಗೆ ಬರೋಕೆ ಹೇಳು" ಎಂದರು. ಹೇಳುತ್ತೇನೆ ಎಂದೆ. ಅದನ್ನೂ ಹೇಳಲಿಲ್ಲ.