ಹೊಂಗೆ ಮರಕ್ಕೆ ಕಟ್ಟಿದ ದೋಣಿ

ಹಳೇನಗರ, ಭದ್ರಾವತಿ
10-12-2003

ಗೆಳೆಯ ಸಿದ್ದಯ್ಯನಿಗೆ ಏಕಾಂತಪ್ಪನ ಶರಣು.

ನಿನ್ನ ಯುಗಾದಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಶಿವಮೊಗ್ಗಕ್ಕೆ ಬೇಕಾದಷ್ಟು ಬಸ್ಸಿವೆ, ಬಂದೇ ಮಾತಾಡೋಣ ಅಂದುಕೊಂಡು ಎಂಟು ತಿಂಗಳು ಕಳೆದೆ. ವಸಂತಮ್ಮನವರ ಮಂಡಿನೋವು ಹೇಗಿದೆ? ಜಗದಾಂಬಾ ಕೇಳಿದಳೆಂದು ಹೇಳು. ನನ್ನ ಕೆಮ್ಮು ನನ್ನ ಜೊತೆಗೇ ರಿಟೈರ್ ಆಗುತ್ತದೆ ಅಂದುಕೊಂಡಿದ್ದೆ, ಅದಿನ್ನೂ ಡ್ಯೂಟಿಯಲ್ಲಿದೆ.

ನಮ್ಮ ಭಾನುವಾರದ ಗುಂಪು ಇನ್ನೂ ಇದೆ ಮಾರಾಯ. ಕೊನೆಯ ಗದ್ದೆಗಳಿಗೂ ನೀರು ಮುಟ್ಟಲಿ ಅಂತ ನಾಲೆಯ ಜೊಂಡು ಕೀಳುತ್ತೇವೆ, ಆಮೇಲೆ ಶೇಷಪ್ಪನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ. ನೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಹಳೇ ಡ್ರಮ್ಮು ಬೆಸೆದು ಮಾಡಿದ ದೋಣಿ ಹೋದ ಮೇಲೆ ನಾಲ್ಕು ವರ್ಷ ದಡದಿಂದಲೇ ಕೊಕ್ಕೆ ಹಾಕಿ ಎಳೆದೆವು. ನಡುವಿನ ಕಳೆ ಹಾಗೇ ಉಳಿಯುತ್ತಿತ್ತು. ಈಗ ಪುಟ್ಟಣ್ಣ ಹೊಸದೊಂದು ಮಾಡಿದ್ದಾನೆ. ಎಡಕ್ಕೆ ವಾಲುತ್ತದೆ. ಕೇಳಿದರೆ, "ಡ್ರಮ್ಮೇ ಸರಿ ಇರ್ಲಿಲ್ಲ ಕಣ್ರೀ" ಅನ್ನುತ್ತಾನೆ. ಕುಣಿಯಲಾರದವಳಿಗೆ ನೆಲ ಡೊಂಕು. ಸಂಕ್ರಾಂತಿಗೆ ನೀರು ಬಿಟ್ಟಾಗ ಇಳಿಸುವುದು ಅಂತ ಆಗಿದೆ. ಇದಕ್ಕೂ ನಮ್ಮ ಹಳೇ ಕಟ್ಟಳೆಯೇ: ಸಂಜೆ ದೋಣಿಯನ್ನು ಹೊಂಗೆ ಮರಕ್ಕೆ ಕಟ್ಟಿದವನೇ ಅದನ್ನು ನೂಕುವ ಬಿದಿರಿನ ಗಳವನ್ನು ಮನೆಗೆ ಒಯ್ಯಬೇಕು. ಗಳ ಯಾರ ಮನೆಯಲ್ಲಿದೆಯೋ ಹಗ್ಗದ ಜವಾಬ್ದಾರಿ ಅವರದು.

ಮೊನ್ನೆ ಭಾನುವಾರ, ನೀರು ನಿಲ್ಲಿಸಿದ್ದರಿಂದ, ಸೇತುವೆಯ ಕೆಳಗಿನ ಹೂಳು ತೆಗೆಯುತ್ತಿದ್ದೆವು. ಪುಟ್ಟಣ್ಣನ ಗುದ್ದಲಿ ಠಣ್ ಅಂತು. ಕೆದಕಿ ನೋಡಿದರೆ ನಿನ್ನ ದೋಣಿ. ಅವತ್ತು ರಾತ್ರಿ ಮರದ ಬಳಿಯಿಂದ ತೇಲಿಹೋಗಿ, ಸೇತುವೆಯ ಕಂಬಕ್ಕೆ ಬಡಿದು ಮುಳುಗಿತಲ್ಲ, ಅದರ ಮುಂದಿನ ಭಾಗ. ಕಬ್ಬಿಣದ ಬಳೆಯಲ್ಲಿ ನೈಲಾನ್ ಹಗ್ಗ ಹಾಗೇ ಇತ್ತು. ತೊಳೆದು ನೋಡಿದೆ. ಎಲ್ಲೂ ಹರಿದಿಲ್ಲ. ತುದಿ ಬಿಚ್ಚಿಕೊಳ್ಳದಿರಲಿ ಅಂತ ನೀನು ಬೆಂಕಿ ತಾಗಿಸಿ ಕರಗಿಸಿದ್ದ ಗುಂಡು ಕೂಡ ಇದೆ. ಹಗ್ಗ ಹಳೆಯದಾಗಿ ಹರಿಯಿತು ಅಂತ ನಾಲ್ಕು ವರ್ಷ ನಂಬಿಕೊಂಡಿದ್ದೆ.

ಗಂಗಾಧರಪ್ಪ, ಈಗಲೂ ಅವನೇ ನಮ್ಮ ಮುಖಂಡ, ಹಗ್ಗ ಎತ್ತಿ ಹಿಡಿದು, "ನೋಡ್ರಪ್ಪಾ, ಗಂಟೇ ಬಿಚ್ಕೊಂಡಿದೆ. ಹೊಸ ದೋಣಿ ಇಳಿಸೋ ದಿನ ಸಿದ್ದಯ್ಯನ್ನೂ ಕರೀರಿ. ಆದ್ರೆ ಹಗ್ಗ ಮಾತ್ರ ಅವನ ಕೈಗೆ ಕೊಡ್ಬೇಡಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದರೆ ಊಟ ಸೇರಲಿಲ್ಲ. "ಯಾಕ್ರೀ, ಸಾರು ಚೆನ್ನಾಗಿಲ್ವಾ?" ಅಂತ ಜಗದಾಂಬಾ ಕೇಳಿದಳು. ಚೆನ್ನಾಗಿದೆ ಅಂದೆ. ಅವಳು ನಂಬಲಿಲ್ಲ.

ಸಂಕ್ರಾಂತಿಗೆ ನೀನು ಬರಲೇಬೇಕು. ಎಳ್ಳು ಬೆಲ್ಲ ನಮ್ಮಲ್ಲೇ ತಿನ್ನುವಿಯಂತೆ. ನಿನ್ನ ಮೊಮ್ಮಗಳು ಅಮೂಲ್ಯಳಿಗೆ ನಮ್ಮಿಬ್ಬರ ಆಶೀರ್ವಾದ. ಶಿವ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಏಕಾಂತಪ್ಪ

ತಾ.ಕ.: ಇಷ್ಟೆಲ್ಲ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಆ ಸಂಜೆ ಹಗ್ಗ ಕಟ್ಟಿದವನು ನಾನು. ಭುಜ ನೋಯುತ್ತಿದೆ ಅಂತ ಗಳವನ್ನು ನಿನಗೆ ಹೊರಿಸಿದೆ. ಬೆಳಿಗ್ಗೆ ಅದು ನಿನ್ನ ಜಗಲಿಯಲ್ಲಿದ್ದದ್ದನ್ನು ಕಂಡು ಎಲ್ಲರೂ ನಿನ್ನನ್ನೇ ಹಿಡಿದರು. ನೀನು ನನ್ನ ಹೆಸರು ಹೇಳಲಿಲ್ಲ. ನೀನೇ ಗುಂಪು ಬಿಟ್ಟೆ, ವರ್ಷದೊಳಗೆ ಊರನ್ನೂ ಬಿಟ್ಟೆ. ಬರುವ ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ, ನೀನು ಸಂಕ್ರಾಂತಿಗೆ ಬಂದರೂ ಸರಿ, ಬಾರದಿದ್ದರೂ ಸರಿ. ಒಂದು ಮಾತ್ರ ನಿನಗೇ ಹೇಳಬೇಕು. ಅವತ್ತು ಗಂಗಾಧರಪ್ಪ "ಕಟ್ಟಿದ್ದು ನೀನೇ ತಾನೆ?" ಅಂತ ಕೇಳಿದಾಗ ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ಬಗ್ಗಿ ಕಾಲಿನ ಕೆಸರು ತೊಳೆಯುತ್ತಿದ್ದೆ. ನನ್ನ ಕಾಲಿಗೆ ಕೆಸರಾಗಿರಲಿಲ್ಲ, ಸಿದ್ದಯ್ಯ.